ಮೀನು ಹತ್ತಿತು, ಮರಿ ಇಳಿಯಲಿಲ್ಲ

ಮೀನಿನ ಪಕ್ಕೆಯನ್ನು ಯಾವತ್ತಾದರೂ ಹತ್ತಿರದಿಂದ ನೋಡಿದ್ದೀರಾ? ಕಿವಿರಿನ ಹಿಂದಿನಿಂದ ಬಾಲದ ತನಕ ಒಂದು ಗೆರೆ ಹೋಗಿರುತ್ತದೆ, ಚೂಪು ಪೆನ್ಸಿಲಿನಲ್ಲಿ ಎಳೆದ ಹಾಗೆ. ಭೂತಗನ್ನಡಿ ಹಿಡಿದು ನೋಡಿ. ಗೆರೆ ಮಾಯವಾಗಿ ತೂತುಗಳ ಸಾಲು ಕಾಣುತ್ತದೆ, ಹುರುಪೆಗೊಂದು ತೂತು. ತೂತಿನ ಹಿಂದೆ ಚರ್ಮದೊಳಗೆ ಸಣ್ಣ ಕೊಳವೆ, ಕೊಳವೆಯೊಳಗೆ ಕೂದಲಿನಂಥ ಎಳೆಗಳಿರುವ ಜೀವಕೋಶಗಳು. ಹೊರಗೆ ನೀರು ಒಂಚೂರು ಅಲುಗಿದರೂ ಆ ಎಳೆ ಬಾಗುತ್ತದೆ, ಸುದ್ದಿ ಮಿದುಳಿಗೆ ಹೋಗುತ್ತದೆ. ನಮ್ಮ ಕಿವಿಯೊಳಗೆ ಶಬ್ದ ಹಿಡಿಯುವುದೂ ಇದೇ ಥರದ ಜೀವಕೋಶಗಳೇ. ಮೀನು ಹರಿವನ್ನು ಮೈಯಿಂದ ಕೇಳಿಸಿಕೊಳ್ಳುತ್ತದೆ ಅಂದರೂ ತಪ್ಪಿಲ್ಲ.

ಅಣೆಕಟ್ಟಿನ ಮಾತನ್ನು ಈ ಗೆರೆಯಿಂದ ಶುರು ಮಾಡುವುದಕ್ಕೆ ಕಾರಣ ಇದೆ. ಅಣೆಕಟ್ಟು ಮತ್ತು ಮೀನು ಅಂದ ಕೂಡಲೇ ನಮ್ಮ ತಲೆಗೆ ಬರುವುದು ಒಂದೇ ಚಿತ್ರ: ಅಡ್ಡ ಒಂದು ಗೋಡೆ, ಕೆಳಗೆ ಸಿಕ್ಕಿಹಾಕಿಕೊಂಡ ಮೀನು. ಹಾಗಾದರೆ ಪಕ್ಕದಲ್ಲಿ ಒಂದು ಏಣಿ ಕಟ್ಟಿಬಿಡಿ, ಮುಗೀತಲ್ಲ! ನಾನೂ ತುಂಬಾ ವರ್ಷ ಹಾಗೇ ಅಂದುಕೊಂಡಿದ್ದೆ. ಈಗ ನನಗನ್ನಿಸುವುದು, ಗೋಡೆ ಈ ಕಥೆಯ ಚಿಕ್ಕ ಭಾಗ. ಮೀನು ಹರಿವನ್ನು ಓದಿಕೊಂಡು ಬದುಕುವ ಪ್ರಾಣಿ. ಯಾವಾಗ ಹೊರಡಬೇಕು, ಎತ್ತ ಹೋಗಬೇಕು, ಎಲ್ಲಿ ಮೊಟ್ಟೆ ಇಡಬೇಕು ಅನ್ನುವುದನ್ನೆಲ್ಲ ಅದಕ್ಕೆ ಹೇಳುವುದು ನೀರು. ಅಣೆಕಟ್ಟು ಆ ನೀರಿನ ಮಾತನ್ನೇ ಬದಲಾಯಿಸುತ್ತದೆ.

ಮೊದಲು ಹೊಳೆಯನ್ನೇ ನೋಡೋಣ. ದಡದಲ್ಲಿ ನಿಂತವರಿಗೆ ಹೊಳೆ ಒಂದೇ. ಒಳಗಿರುವವರಿಗೆ ಅದು ಹಲವು ಕೋಣೆಗಳ ಮನೆ. ಕಲ್ಲುಗಳ ಮೇಲೆ ತೆಳ್ಳಗೆ, ಗದ್ದಲ ಮಾಡುತ್ತಾ ಹರಿಯುವ ಜಾಗ ಒಂದು. ಅದರ ಕೆಳಗೆ ಆಳವಾದ, ತಣ್ಣನೆಯ ಮಡು. ತಿರುವಿನಲ್ಲಿ ಮರಳ ದಿಬ್ಬ. ದಡದ ಬೇರುಗಳ ಕೆಳಗೆ ಕತ್ತಲೆ ಗೂಡು. ನೆರೆ ಬಂದಾಗ ಮಾತ್ರ ಮುಳುಗುವ ಬಯಲು. ಒಂದೇ ಮೀನು ಮೊಟ್ಟೆಯಾಗಿದ್ದಾಗ ಒಂದು ಕಡೆ, ಮರಿಯಾಗಿದ್ದಾಗ ಇನ್ನೊಂದು ಕಡೆ, ಬೇಸಿಗೆಯಲ್ಲಿ ಮಗದೊಂದು ಕಡೆ ಇರುತ್ತದೆ. ಭೂಮಿಯ ಮೇಲಿನ ಒಟ್ಟು ನೀರಿನಲ್ಲಿ ನದಿ, ಕೆರೆಗಳ ಪಾಲು ಶೇಕಡಾ ಒಂದಕ್ಕಿಂತ ಎಷ್ಟೋ ಕಡಿಮೆ. ಆದರೂ ಮೀನಿನ ಜಾತಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಇರುವುದು ಈ ಸಿಹಿನೀರಿನಲ್ಲೇ. ಇಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಜಾತಿಗಳು ಹಿಡಿಸಿರುವುದರಲ್ಲಿ ಈ ಕೋಣೆಗಳ ಪಾತ್ರ ದೊಡ್ಡದು.

ಕಲ್ಲುಗಳ ಮೇಲೆ ಗದ್ದಲ ಮಾಡುವ ನೀರು ಸುಮ್ನೆ ಗದ್ದಲ ಮಾಡುವುದಿಲ್ಲ, ಗಾಳಿಯನ್ನು ಒಳಗೆಳೆದುಕೊಳ್ಳುತ್ತಿರುತ್ತದೆ. ತಣ್ಣೀರಿನಲ್ಲಿ ಆಮ್ಲಜನಕ ಜಾಸ್ತಿ ಕರಗುತ್ತದೆ: 10 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 11 ಮಿಲಿಗ್ರಾಂ ಹಿಡಿಸಿದರೆ, 30 ಡಿಗ್ರಿಯ ನೀರಿನಲ್ಲಿ ಏಳೂವರೆ. ನೀರು ಬಿಸಿಯಾದಷ್ಟೂ ಮೀನಿಗೆ ಬೇಕಾಗುವ ಆಮ್ಲಜನಕ ಹೆಚ್ಚು, ಸಿಗುವುದು ಕಡಿಮೆ. ಈ ಎರಡು ಅಂಕಿ ನೆನಪಿರಲಿ, ಆಮೇಲೆ ಬೇಕಾಗುತ್ತದೆ.

ಇನ್ನು ಮೊಟ್ಟೆ. ಸಾಲ್ಮನ್ ಅಂತ ಒಂದು ಮೀನು, ಹೊಳೆಯಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆ ಇಡಲು ಹೊಳೆಗೇ ಮರಳುವಂಥದ್ದು. ಅದರ ಹೆಣ್ಣು ಮೊಟ್ಟೆ ಇಡುವುದನ್ನು ನೋಡಬೇಕು ನೀವು. ಅದು ಪಕ್ಕಕ್ಕೆ ಒರಗಿ, ಬಾಲವನ್ನು ಪಟಪಟನೆ ಬಡಿದು, ಜಲ್ಲಿಕಲ್ಲನ್ನು ಎಬ್ಬಿಸುತ್ತದೆ. ಎದ್ದ ಕಲ್ಲನ್ನು ಹರಿವು ಸ್ವಲ್ಪ ಕೆಳಗೆ ಒಯ್ದು ಹಾಕುತ್ತದೆ, ಗುಂಡಿ ಆಗುತ್ತದೆ. ಮೊಟ್ಟೆ ಇಟ್ಟಾದ ಮೇಲೆ ಗುಂಡಿಯ ಮೇಲ್ಬದಿಯಲ್ಲಿ ಮತ್ತೆ ಅಗೆಯುತ್ತದೆ, ಆ ಕಲ್ಲುಗಳು ಬಂದು ಮೊಟ್ಟೆಯನ್ನು ಮುಚ್ಚುತ್ತವೆ. ಕೈಯಿಲ್ಲದ ಪ್ರಾಣಿ, ಹರಿವನ್ನೇ ಗುದ್ದಲಿ ಮಾಡಿಕೊಂಡಿದೆ. ತಿಂಗಳುಗಟ್ಟಲೆ ಆ ಮೊಟ್ಟೆಗಳು ಕಲ್ಲಿನ ಸಂದಿಯಲ್ಲೇ ಉಸಿರಾಡಬೇಕು. ಸಂದಿಯಲ್ಲಿ ನೀರು ಹರಿದಾಡುತ್ತಿದ್ದರೆ ಬದುಕು, ನುಣ್ಣನೆ ಮಣ್ಣು ತುಂಬಿಕೊಂಡರೆ ಉಸಿರುಗಟ್ಟಿ ಸಾವು.

ಹುಲ್ಲುಗೆಂಡೆ (ಗ್ರಾಸ್ ಕಾರ್ಪ್) ಅನ್ನುವ ಮೀನಿನದು ಬೇರೆ ಲೆಕ್ಕ. ಅದು ಮೊಟ್ಟೆಯನ್ನು ಹೂಳುವುದೂ ಇಲ್ಲ, ಅಂಟಿಸುವುದೂ ಇಲ್ಲ, ಹೊಳೆಗೆ ಬಿಟ್ಟುಬಿಡುತ್ತದೆ. ಮೊಟ್ಟೆ ನೀರು ಹೀರಿ ಉಬ್ಬಿ ಗಾಜಿನ ಗೋಲಿಯ ಹಾಗಾಗುತ್ತದೆ, ಐದು ಮಿಲಿಮೀಟರಿನಷ್ಟು. ತೇಲುವಷ್ಟು ಹಗುರವಲ್ಲ, ಥಟ್ಟನೆ ಮುಳುಗುವಷ್ಟು ಭಾರವೂ ಅಲ್ಲ. ನೀರು ಹರಿಯುತ್ತಿದ್ದರೆ ಮಧ್ಯದಲ್ಲೇ ಉರುಳಿಕೊಂಡು ಹೋಗುತ್ತಾ, ಹೋಗುತ್ತಲೇ ಮರಿಯಾಗುತ್ತದೆ. ನೀರು ನಿಂತರೆ ತಳಕ್ಕೆ ಹೋಗಿ ಕೂರುತ್ತದೆ, ಕೆಸರಿನಲ್ಲಿ ಸಾಯುತ್ತದೆ. ಈ ಉರುಳುವ ಮೊಟ್ಟೆಯನ್ನೂ ನೆನಪಿಟ್ಟುಕೊಳ್ಳಿ.

ಇಲ್ಲೊಂದು ಅಡ್ಡಕಥೆ ಹೇಳಿಬಿಡುತ್ತೇನೆ, ನನಗೆ ತುಂಬಾ ಇಷ್ಟವಾದದ್ದು. ರೋಹು, ಕಾಟ್ಲಾ ಕೊಳದಲ್ಲಿ ದಷ್ಟಪುಷ್ಟವಾಗಿ ಬೆಳೆಯುತ್ತವೆ. ಹೆಣ್ಣಿನ ಹೊಟ್ಟೆ ತುಂಬಾ ಮೊಟ್ಟೆಯೂ ಆಗುತ್ತದೆ. ಆದರೆ ನಿಂತ ನೀರಿನ ಕೊಳದಲ್ಲಿ ಮೊಟ್ಟೆ ಇಡುವುದಿಲ್ಲ. ಅವು ಕಾಯುವುದು ಮಳೆಗಾಲದ ಹೊಸ ನೀರಿಗೆ. ಹೊಳೆ ಏರಿ, ಕೆಂಪಾಗಿ, ದಡದ ಮೇಲೆ ಹರಡಿಕೊಂಡಾಗ ಮಾತ್ರ ಅವಕ್ಕೆ ಸಮಯ ಬಂತು ಅಂತ ಗೊತ್ತಾಗುವುದು. ಹಾಗಾಗಿ ಮೀನು ಸಾಕುವವರು ನೆರೆಯ ಹೊತ್ತಿನಲ್ಲಿ ಹೊಳೆಗಿಳಿದು ಮರಿ ಹಿಡಿದು ತರಬೇಕಿತ್ತು. ಬಲೆಯಲ್ಲಿ ಯಾವ ಜಾತಿಯ ಮರಿ ಬಂತು ಅನ್ನುವುದು ಅದು ದೊಡ್ಡದಾದ ಮೇಲೇ ತಿಳಿಯುತ್ತಿದ್ದದ್ದು! 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಅನ್ನುವ ವಿಜ್ಞಾನಿಗಳು ಬೇರೆ ಮೀನುಗಳ ತಲೆಯಿಂದ ಪಿಟ್ಯುಟರಿ ಗ್ರಂಥಿ ತೆಗೆದು, ಅದರ ರಸವನ್ನು ಈ ಮೀನುಗಳಿಗೆ ಚುಚ್ಚಿದರು. ಮೀನು ಮೊಟ್ಟೆ ಇಟ್ಟಿತು. ಇವತ್ತು ಭಾರತದ ಗೆಂಡೆ ಮೀನು ಸಾಕಣೆ ನಿಂತಿರುವುದೇ ಆ ಸೂಜಿಯ ಮೇಲೆ. ಆದರೆ ಅದನ್ನು ತಿರುಗಿಸಿ ನೋಡಿ. ಒಂದು ನೆರೆ ಹೇಳುತ್ತಿದ್ದ ಮಾತನ್ನು ಹೇಳಲು ನಮಗೆ ಒಂದು ಇಂಜೆಕ್ಷನ್ ಬೇಕಾಯಿತು. ಸಾಕುವ ಮೀನಿಗಾದರೆ ಚುಚ್ಚಬಹುದು. ಅಣೆಕಟ್ಟಿನ ಕೆಳಗೆ ನೆರೆಯೇ ಬಾರದ ಹೊಳೆಯಲ್ಲಿ ಕಾಯುತ್ತಿರುವ ಮೀನುಗಳಿಗೆ ಯಾರು ಚುಚ್ಚುತ್ತಾರೆ?

ಸರಿ, ಗೋಡೆಗೆ ಬರೋಣ. ಗೋಡೆಯ ಕಥೆ ಸುಲಭ, ಬೇಗ ಮುಗಿಸುತ್ತೇನೆ. ಅಮೆರಿಕದ ಕೊಲಂಬಿಯಾ ನದಿಗೆ 1940ರ ದಶಕದ ಶುರುವಿನಲ್ಲಿ ಗ್ರ್ಯಾಂಡ್ ಕೂಲಿ ಅಣೆಕಟ್ಟು ಬಂತು. ಮೀನಿಗೆ ದಾರಿಯೇ ಇಡಲಿಲ್ಲ, ಅದರ ಮೇಲಿನ ಹೊಳೆಗೆ ಸಾಲ್ಮನ್ ಬರುವುದು ಅಲ್ಲಿಗೇ ನಿಂತಿತು. ಚೀನಾದ ಯಾಂಗ್ಟ್ಸಿಯಲ್ಲಿ ಪ್ಯಾಡಲ್‌ಫಿಶ್ ಅಂತ ಒಂದು ಮೀನಿತ್ತು, ಕತ್ತಿಯಂಥ ಮೂತಿ, ಆಳೆತ್ತರ ಮೀರುವ ಮೈ. ಅದು ಮೊಟ್ಟೆ ಇಡುತ್ತಿದ್ದದ್ದು ನದಿಯ ಮೇಲ್ಭಾಗದಲ್ಲಿ. 1981ರಲ್ಲಿ ಗೆಝೌಬಾ ಅಣೆಕಟ್ಟಿಗಾಗಿ ನದಿಗೆ ಅಡ್ಡ ಕಟ್ಟಿದರು. ಜೀವಂತ ಪ್ಯಾಡಲ್‌ಫಿಶ್ ಕೊನೆಯ ಸಲ ಕಂಡದ್ದು 2003ರಲ್ಲಿ. 2022ರಲ್ಲಿ ಅದನ್ನು ಅಳಿದುಹೋದ ಜಾತಿಗಳ ಪಟ್ಟಿಗೆ ಸೇರಿಸಿದರು. ಅದನ್ನು ಅತಿಯಾಗಿ ಹಿಡಿದದ್ದೂ ಒಂದು ಕಾರಣ, ಅಣೆಕಟ್ಟೊಂದರ ಮೇಲೇ ಎಲ್ಲವನ್ನೂ ಹೊರಿಸಬಾರದು.

ಗೋಡೆ ಎತ್ತರವೇ ಇರಬೇಕು ಅಂತೇನೂ ಇಲ್ಲ. ಗಂಗೆಗೆ ಫರಕ್ಕಾದಲ್ಲಿ 1975ರಲ್ಲಿ ಬ್ಯಾರೇಜು ಬಂತು. ಬೆಟ್ಟದ ಹಾಗೆ ಎದ್ದ ಕಟ್ಟೆಯಲ್ಲ ಅದು, ಅಗಲಕ್ಕೆ ಹಾಕಿದ ಗೇಟುಗಳ ಸಾಲು. ಹಿಂದೆ ಸಮುದ್ರದಿಂದ ಹೊರಟ ಹಿಲ್ಸಾ ಅನ್ನುವ ಮೀನು ಅಲಹಾಬಾದಿನ ತನಕ, ಅದರಾಚೆಗೂ ಹೋಗುತ್ತಿತ್ತು. ಆ ಗೇಟುಗಳು ಬಂದ ಮೇಲೆ ಮೇಲಿನ ಗಂಗೆಯಲ್ಲಿ ಹಿಲ್ಸಾ ಹೆಚ್ಚುಕಡಿಮೆ ಇಲ್ಲವಾಯಿತು. ಹಿಲ್ಸಾ ಸಾಲ್ಮನ್ನಿನ ಹಾಗೆ ಎಗರುವ ಮೀನಲ್ಲ. ಅಟ್ಲಾಂಟಿಕ್ ಸಾಲ್ಮನ್ ಮೂರು ಮೀಟರ್ ಮೀರಿ ಜಿಗಿದದ್ದಿದೆ. ಆದರೆ ಜಗತ್ತಿನ ಬಹುಪಾಲು ಮೀನುಗಳಿಗೆ ಒಂದು ಮೀಟರಿನ ಕಟ್ಟೆಯೂ ಕಟ್ಟೆಯೇ.

ಗೋಡೆ ಆಯಿತು. ಈಗ ಗೋಡೆಯ ಮೇಲೆ ಏನಾಗುತ್ತೆ, ಕೆಳಗೆ ಏನಾಗುತ್ತೆ ನೋಡಿ.

ಕೆಳಗಿನದನ್ನು ನಾನು ಕಾಲಿನಿಂದ ಕಲಿತೆ. ಕಡು ಬೇಸಿಗೆ, ಮಧ್ಯಾಹ್ನ, ಒಂದು ದೊಡ್ಡ ಅಣೆಕಟ್ಟಿನ ಕೆಳಗೆ ಬಂಡೆಯ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟೆ. ಒಂದು ನಿಮಿಷಕ್ಕೆ ಬೆರಳು ಮರಗಟ್ಟಿದವು. ಮೇಲೆ ಬಂಡೆ ಸುಡುತ್ತಿದೆ, ಕೆಳಗೆ ನೀರು ಕೊರೆಯುತ್ತಿದೆ. ಜೊತೆಗೆ ಸಣ್ಣಗೆ ಕೊಳೆತ ಮೊಟ್ಟೆಯ ವಾಸನೆ. ಆವತ್ತು ಮಜವಾಗಿದೆ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಗೊತ್ತಾಯಿತು ಅದೇನು ಅಂತ. ಆಳವಾದ ಹಿನ್ನೀರಿನಲ್ಲಿ ಬಿಸಿಲಿಗೆ ಕಾಯುವುದು ಮೇಲಿನ ಪದರ ಮಾತ್ರ. ಬೆಚ್ಚಗಿನ ನೀರು ಹಗುರ, ಮೇಲೇ ಇರುತ್ತದೆ. ತಳದ ನೀರು ತಣ್ಣಗೆ, ಕತ್ತಲೆಯಲ್ಲಿ, ಗಾಳಿಯ ಸಂಪರ್ಕವೇ ಇಲ್ಲದೆ ಉಳಿಯುತ್ತದೆ. ಅಲ್ಲಿ ಮುಳುಗಿದ ಎಲೆ, ಮರ ಕೊಳೆತು ಇದ್ದ ಆಮ್ಲಜನಕವನ್ನೂ ತಿಂದುಹಾಕುತ್ತವೆ. ವಿದ್ಯುತ್ತಿಗೆ ನೀರು ಎಳೆಯುವ ಬಾಯಿ ಇರುವುದು ಎಷ್ಟೋ ಕಡೆ ಆ ಆಳದಲ್ಲೇ. ತಣ್ಣೀರಿನಲ್ಲಿ ಆಮ್ಲಜನಕ ಜಾಸ್ತಿ ಅಂತ ಆಗಲೇ ಹೇಳಿದೆನಲ್ಲ? ಅದು ಗಾಳಿ ಮುಟ್ಟಿದ ತಣ್ಣೀರಿನ ಮಾತು. ಇದು ತಣ್ಣಗೂ ಇದೆ, ಉಸಿರೂ ಇಲ್ಲ.

ಉಸಿರು ಸ್ವಲ್ಪ ದೂರ ಹರಿದರೆ ಮರಳಿ ಬರುತ್ತದೆ. ಚಳಿ ಅಷ್ಟು ಬೇಗ ಹೋಗುವುದಿಲ್ಲ. ಅಮೆರಿಕದ ಕೊಲೊರಾಡೊ ನದಿಗೆ 1963ರಲ್ಲಿ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಗೇಟು ಮುಚ್ಚಿದರು. ಅದಕ್ಕೆ ಮುಂಚೆ ಬೇಸಿಗೆಯಲ್ಲಿ 25 ಡಿಗ್ರಿ ದಾಟುತ್ತಿದ್ದ ಕೆಂಪು ಮಣ್ಣಿನ ನೀರು, ಹಿನ್ನೀರು ತುಂಬಿದ ಮೇಲೆ ದಶಕಗಳ ಕಾಲ ವರ್ಷವಿಡೀ 10 ಡಿಗ್ರಿ ಆಸುಪಾಸಿನಲ್ಲಿ, ಗಾಜಿನಷ್ಟು ತಿಳಿಯಾಗಿ ಬರತೊಡಗಿತು. ಅಲ್ಲಿ ಬೆನ್ನಿನ ಮೇಲೆ ಗೂನಿರುವ ಹಂಪ್‌ಬ್ಯಾಕ್ ಚಬ್ ಅನ್ನುವ ಮೀನಿದೆ. ಅದರ ಮೊಟ್ಟೆ ಒಡೆಯಲು, ಮರಿ ಬೆಳೆಯಲು ಬೆಚ್ಚಗಿನ ನೀರು ಬೇಕು. ದೊಡ್ಡ ನದಿಯಲ್ಲಿ ಅದಕ್ಕೆ ಸಂಸಾರ ಮಾಡಲಾಗಲಿಲ್ಲ. ಉಳಿದುಕೊಂಡದ್ದು ಮುಖ್ಯವಾಗಿ ಒಂದು ಉಪನದಿಯ ದಯೆಯಿಂದ, ಲಿಟ್ಲ್ ಕೊಲೊರಾಡೊ. ಅದಕ್ಕೆ ಅಣೆಕಟ್ಟಿನ ಚಳಿ ತಾಗಿಲ್ಲ. ಗಮನಿಸಿ, ಈ ಮೀನಿನ ದಾರಿಗೆ ಯಾವ ಗೋಡೆಯೂ ಅಡ್ಡ ಬರಲಿಲ್ಲ. ಅದು ಇದ್ದದ್ದೇ ಅಣೆಕಟ್ಟಿನ ಕೆಳಗೆ. ಇದಕ್ಕೆ ಎಂಥ ಏಣಿ ಕಟ್ಟುತ್ತೀರಿ?

ನೀರು ತಿಳಿಯಾಗಿದೆ ಅಂದೆನಲ್ಲ, ಅದೂ ಒಳ್ಳೆಯ ಸುದ್ದಿಯಲ್ಲ. ಹೊಳೆ ಹೊತ್ತು ತರುತ್ತಿದ್ದ ಮರಳು, ಜಲ್ಲಿ ಎಲ್ಲ ಹಿನ್ನೀರಿನಲ್ಲೇ ಕೂತುಬಿಡುತ್ತದೆ. ಕೆಳಗೆ ಬರುವುದು ಹಸಿದ ನೀರು. ಅದು ಇದ್ದ ಮರಳ ದಿಬ್ಬಗಳನ್ನೂ ಕೊರೆದು ಒಯ್ಯುತ್ತದೆ, ಹೊಸದನ್ನು ತಂದು ಹಾಕುವುದಿಲ್ಲ. ಕೊನೆಗೆ ಉಳಿಯುವುದು ಬಾಲದಿಂದ ಅಲುಗಿಸಲಾಗದ ದಪ್ಪ ಗುಂಡುಕಲ್ಲು. ಸಾಲ್ಮನ್ನಿನ ಬಾಲದ ಗುದ್ದಲಿ ನೆನಪಿದೆಯಲ್ಲ? ಆ ಕಲ್ಲನ್ನು ಅದು ಹೇಗೆ ಎಬ್ಬಿಸೀತು?

ಸಂಜೆಯಾದರೆ ಇನ್ನೊಂದು ಆಟ. ಊರಿನವರೆಲ್ಲ ಒಟ್ಟಿಗೆ ದೀಪ, ಫ್ಯಾನು ಹಾಕುತ್ತಾರೆ, ಟರ್ಬೈನ್ ಜೋರಾಗುತ್ತದೆ, ಕೆಳಗಿನ ಹೊಳೆ ಗಂಟೆಯೊಳಗೆ ಏರುತ್ತದೆ. ರಾತ್ರಿ ಬೇಡಿಕೆ ಇಳಿದಾಗ ಹೊಳೆಯೂ ಇಳಿಯುತ್ತದೆ. ಒಂದು ಮಳೆಗಾಲದ ಏರಿಳಿತವನ್ನು ಒಂದೇ ದಿನದಲ್ಲಿ ಮಾಡಿ ತೋರಿಸಿದ ಹಾಗೆ. ಮರಿಗಳು ಹರಿವು ಕಡಿಮೆ ಇರುವ ಅಂಚಿನಲ್ಲೇ ಇರುತ್ತವೆ, ಅವಕ್ಕೆ ಅಷ್ಟೇ ಶಕ್ತಿ. ನೀರು ಸರಕ್ಕನೆ ಇಳಿದರೆ ಅವು ಕಲ್ಲಿನ ಸಂದಿಯಲ್ಲಿ, ಅಂಗೈಯಗಲದ ಗುಂಡಿಗಳಲ್ಲಿ ಉಳಿದುಹೋಗುತ್ತವೆ. ಬೆಳಿಗ್ಗೆ ಬಿಸಿಲು ಬರುತ್ತದೆ, ಕಾಗೆಗಳು ಬರುತ್ತವೆ.

ಈಗ ಏಣಿಗೆ ಬರೋಣ, ಅದಕ್ಕೇ ಕಾದಿದ್ದೀರಿ ಅಂತ ಗೊತ್ತು. ಮೀನು ಏಣಿ ಅಂದರೆ ಮೆಟ್ಟಿಲಿನ ಹಾಗೆ ಜೋಡಿಸಿದ ತೊಟ್ಟಿಗಳು. ಮೇಲಿನ ತೊಟ್ಟಿಯಿಂದ ಕೆಳಗಿನದಕ್ಕೆ ನೀರು ಬೀಳುತ್ತಿರುತ್ತದೆ, ಮೀನು ಒಂದೊಂದೇ ಹತ್ತುತ್ತಾ ಹೋಗುತ್ತದೆ, ನಡುವೆ ದಣಿವಾರಿಸಿಕೊಳ್ಳುತ್ತದೆ. ಕೊಲಂಬಿಯಾ ನದಿಯ ಬಾನ್ವಿಲ್ ಅಣೆಕಟ್ಟಿಗೆ 1938ರಲ್ಲೇ ಇಂಥ ಏಣಿ ಕಟ್ಟಿದರು, ಸಾಲ್ಮನ್ ಇವತ್ತಿಗೂ ಹತ್ತುತ್ತಿವೆ. ಆದ್ದರಿಂದ ಏಣಿಯೇ ದಂಡ ಅಂತ ನಾನು ಹೇಳುತ್ತಿಲ್ಲ. ಆದರೆ ಮೀನಿಗೆ ಮೊದಲು ಬಾಗಿಲು ಸಿಗಬೇಕಲ್ಲ! ಬೋರ್ಡು ಓದಿಕೊಂಡು ಬರುವ ಪ್ರಾಣಿಯಲ್ಲ ಅದು, ಹರಿವಿನ ರಭಸ ಎತ್ತಲಿಂದ ಬರುತ್ತದೋ ಅತ್ತ ಮೂತಿ ಮಾಡುತ್ತದೆ. ಪಕ್ಕೆಯ ಆ ಗೆರೆ ಇರುವುದೇ ಅದಕ್ಕೆ.

ಒಂದು ಏಣಿ ನೋಡಲು ಹೋಗಿದ್ದೆ, ಎಲ್ಲಿ ಅಂತ ಕೇಳಬೇಡಿ. ಕಾಂಕ್ರೀಟ್ ಚೆನ್ನಾಗಿತ್ತು, ಪಕ್ಕದಲ್ಲಿ ಚಿತ್ರ ಬರೆದ ಫಲಕವೂ ಇತ್ತು. ಏಣಿಯ ಕೆಳಬಾಯಿ ನೀರಿಗಿಂತ ಮೊಣಕಾಲೆತ್ತರ ಮೇಲಿತ್ತು. ಒಳಗಿನ ತೊಟ್ಟಿಗಳಲ್ಲಿ ಒಣಗಿದ ಪಾಚಿ, ಒಂದು ಹರಿದ ಚಪ್ಪಲಿ. ನೀರು ಭೋರ್ಗರೆಯುತ್ತಿದ್ದದ್ದು ಎದುರು ದಡದ ಗೇಟಿನ ಹತ್ತಿರ, ಮೀನೆಲ್ಲ ಅಲ್ಲೇ ಒತ್ತರಿಸಿಕೊಂಡಿದ್ದವು, ಕೊಕ್ಕರೆಗಳೂ ಅಲ್ಲೇ ಸಾಲಾಗಿ ನಿಂತಿದ್ದವು. ಮೀನು ಎಲ್ಲಿಗೆ ಬರುತ್ತೆ ಅಂತ ಕೊಕ್ಕರೆಗೆ ಗೊತ್ತಿತ್ತು, ನಕ್ಷೆ ಬರೆದವರಿಗೆ ಗೊತ್ತಿರಲಿಲ್ಲ.

ಬಾಗಿಲು ಸರಿಯಾಗೇ ಇದೆ, ಮೀನೂ ಹತ್ತಿತು ಅಂತಿಟ್ಟುಕೊಳ್ಳಿ. ಮೇಲೆ ಏನಿದೆ? ಹಲವು ಮೈಲಿ ನಿಂತ ನೀರು. ಅದನ್ನೂ ದಾಟಿ, ಹರಿಯುವ ಹೊಳೆ ಹುಡುಕಿ, ಮೊಟ್ಟೆ ಇಟ್ಟಿತು. ಉರುಳುವ ಮೊಟ್ಟೆ ನೆನಪಿಡಿ ಅಂದಿದ್ದೆ. ಅದು ಉರುಳುತ್ತಾ ಬಂದು ಹಿನ್ನೀರಿಗೆ ಸೇರುತ್ತದೆ, ಹರಿವು ಸಾಯುತ್ತದೆ, ಮೊಟ್ಟೆ ತಳ ಸೇರುತ್ತದೆ. ಬ್ರೆಜಿಲ್‌ನ ದೊಡ್ಡ ನದಿಗಳಲ್ಲಿ ಸಂಶೋಧಕರು ಕಂಡದ್ದು ಇದನ್ನೇ: ಏಣಿ ಚೆನ್ನಾಗಿ ಕೆಲಸ ಮಾಡುತ್ತಿದೆ, ದೊಡ್ಡ ಮೀನು ಹತ್ತುತ್ತಿವೆ, ಆದರೆ ಮೊಟ್ಟೆ ಮರಿ ಕೆಳಗೆ ಬರುತ್ತಿಲ್ಲ, ಹತ್ತಿದ ದೊಡ್ಡ ಮೀನೂ ಮರಳುತ್ತಿಲ್ಲ. ಮೇಲೆ ಮೊಟ್ಟೆ ಇಡಲು ಒಳ್ಳೆಯ ಜಾಗವೇ ಇಲ್ಲದ ಕಡೆಯಂತೂ ಆ ಏಣಿ ಕೆಳಗಿದ್ದ ಮೀನನ್ನು ಖಾಲಿ ಮಾಡುವ ಬೋನು. ಈ ಮಾತು ಕೇಳಿದಾಗ ನನಗೆ ನಿಜವಾಗಿ ಬೇಜಾರಾಯಿತು. ಏನೂ ಮಾಡದಿದ್ದರೆ ಹೋಗಲಿ ಅನ್ನಬಹುದಿತ್ತು. ಇದು ಒಳ್ಳೆಯದು ಮಾಡಲು ಹೋಗಿ ಮಾಡಿದ ಕೆಡುಕು.

ಹಿನ್ನೀರು ದಾಟಿ ಬಂದ ಮರಿಗೂ ಟರ್ಬೈನ್ ಇದೆ. ಅಲಗು ಹೊಡೆಯುವುದು ಎಲ್ಲರಿಗೂ ಹೊಳೆಯುವ ಅಪಾಯ. ಹೊಳೆಯದೆ ಇರುವುದು ಒತ್ತಡ. ಮೀನಿನ ಹೊಟ್ಟೆಯಲ್ಲಿ ಗಾಳಿಚೀಲ ಇರುತ್ತದೆ, ತೇಲುವುದಕ್ಕೆ. ಆಳದ ಒತ್ತಡದಿಂದ ಟರ್ಬೈನಿನ ಹಿಂಬದಿಗೆ ಬರುವಾಗ ಕ್ಷಣದಲ್ಲಿ ಒತ್ತಡ ಕುಸಿಯುತ್ತದೆ, ಚೀಲ ಬಲೂನಿನ ಹಾಗೆ ಉಬ್ಬುತ್ತದೆ, ಕೆಲವಕ್ಕೆ ಒಡೆದೇ ಹೋಗುತ್ತದೆ. ಬೇಡಪ್ಪಾ, ಗೇಟಿನ ಮೇಲಿಂದಲೇ ನೀರು ಬಿಡೋಣ ಅಂದರೆ, ಎತ್ತರದಿಂದ ಧುಮುಕಿದ ನೀರು ಗಾಳಿಯನ್ನು ಆಳಕ್ಕೆ ಒಯ್ದು ಅತಿಯಾಗಿ ಕರಗಿಸಿಬಿಡುತ್ತದೆ. ಆಗ ಮೀನಿನ ರಕ್ತದಲ್ಲಿ, ರೆಕ್ಕೆಯಲ್ಲಿ ಗುಳ್ಳೆ ಏಳುತ್ತವೆ, ಆಳದಿಂದ ಸರ್ರನೆ ಮೇಲೆ ಬಂದ ಮುಳುಗುಗಾರರಿಗೆ ಆಗುವ ಹಾಗೆಯೇ.

ಹಾಗಾದರೆ ಮಾಡುವುದೇನು ಅಂತ ಕೇಳುತ್ತೀರಿ. ನೀರಾವರಿ, ವಿದ್ಯುತ್ತು, ಕುಡಿಯುವ ನೀರು ಬೇಡ ಅನ್ನುವವನಲ್ಲ ನಾನು. ಇರುವ ಅಣೆಕಟ್ಟಿನಲ್ಲೇ ಬೇರೆ ಬೇರೆ ಮಟ್ಟದಿಂದ ನೀರು ಎಳೆಯುವ ಬಾಯಿಗಳನ್ನು ಇಡಬಹುದು, ಆಗ ಬೆಚ್ಚಗಿನ ನೀರನ್ನೂ ಬಿಡಬಹುದು. ಮೀನಿನ ಕಾಲಕ್ಕೆ ಸರಿಯಾಗಿ ಒಂದು ನೆರೆಯನ್ನು ಬಿಡಬಹುದು. ಗ್ಲೆನ್ ಕ್ಯಾನ್ಯನ್‌ನಿಂದ ಮರಳ ದಿಬ್ಬ ಮರಳಿ ಕಟ್ಟಲು 1996ರಲ್ಲಿ ಮೊದಲ ಸಲ ಹಾಗೆ ಬಿಟ್ಟು ನೋಡಿದರು. ಆದರೆ ನನ್ನ ಲೆಕ್ಕದಲ್ಲಿ ಮೊದಲು ಕೈ ಹಾಕಬೇಕಾದದ್ದು ಸಣ್ಣವಕ್ಕೆ. ಯುರೋಪಿನ ನದಿಗಳಲ್ಲಿ ಎಣಿಸಿ, ಅಂದಾಜು ಮಾಡಿ ನೋಡಿದರೆ ಕನಿಷ್ಠ 12 ಲಕ್ಷ ಅಡ್ಡಕಟ್ಟೆಗಳಿವೆ, ಹೆಚ್ಚಿನವು ಎರಡು ಮೀಟರಿಗಿಂತ ಗಿಡ್ಡ. ಎಷ್ಟೋ ಕಟ್ಟೆಗಳ ಗಿರಣಿ ನಿಂತು ಕಾಲವಾಗಿದೆ, ಕಟ್ಟೆ ಮಾತ್ರ ನಿಂತಿದೆ. ಯಾರಿಗೂ ಬೇಡದ ಕಟ್ಟೆ ಮೀನಿಗೆ ಮಾತ್ರ ಯಾಕೆ?

ತೆಗೆದರೆ ಏನಾಗುತ್ತೆ ಅನ್ನುವುದಕ್ಕೆ ಎಲ್ವಾ ನದಿ ಇದೆ, ಅಮೆರಿಕದ ವಾಷಿಂಗ್ಟನ್ ರಾಜ್ಯದ್ದು. 1913ರಲ್ಲಿ ಒಂದು, 1927ರಲ್ಲಿ ಇನ್ನೊಂದು ಅಣೆಕಟ್ಟು, ಎರಡಕ್ಕೂ ಏಣಿ ಇರಲಿಲ್ಲ. ಮೊದಲನೆಯದು ಸಮುದ್ರದಿಂದ ಬರೀ ಎಂಟು ಕಿಲೋಮೀಟರ್ ದೂರ. 2011ರಿಂದ 2014ರ ತನಕ ಎರಡನ್ನೂ ಹಂತ ಹಂತವಾಗಿ ಒಡೆದರು. ನೂರು ವರ್ಷದ ಹೂಳು ಇಳಿದು ಬಂತು, ನೀರು ಕೆಸರಾಯಿತು, ನದಿಯ ಬಾಯಲ್ಲಿ ಹೊಸ ಮರಳ ದಂಡೆಯೇ ಹುಟ್ಟಿತು. ಸಾಲ್ಮನ್ ಮೇಲೆ ಬಂದವು. ನನಗೆ ಮೈ ಜುಮ್ಮೆಂದದ್ದು ಬೇರೆ ವಿಷಯಕ್ಕೆ. ಅಣೆಕಟ್ಟಿನ ಮೇಲೆ ತಲೆಮಾರುಗಟ್ಟಲೆ ಸಿಕ್ಕಿಕೊಂಡು ಹೊಳೆಯಲ್ಲೇ ಉಳಿದಿದ್ದ ರೇನ್‌ಬೋ ಟ್ರೌಟ್‌ಗಳು ಗೋಡೆ ಹೋದ ಮೇಲೆ ಮತ್ತೆ ಸಮುದ್ರಕ್ಕೆ ಹೋಗಿ ಬರಲು ಶುರು ಮಾಡಿದವು. ಸಮುದ್ರ ಕಾಣದ ಅಜ್ಜ ಅಜ್ಜಿಯರ ಮೊಮ್ಮಕ್ಕಳು!

ಒಮ್ಮೆ ಇದನ್ನೆಲ್ಲ ಹೇಳಿ ಮುಗಿಸಿದಾಗ ಕೇಳುತ್ತಿದ್ದ ಒಬ್ಬರು ಒಂದು ಪ್ರಶ್ನೆ ಕೇಳಿದರು: "ಮರಿ ಇಳಿಯುವುದು ಕಷ್ಟ ಅಂದರೆ ನಾವೇ ಹಿಡಿದು ಕೆಳಗೆ ಬಿಡಬಾರದಾ ಸರ್?" ಬಿಡುತ್ತಿದ್ದಾರೆ. ಕೊಲಂಬಿಯಾಕ್ಕೆ ಸೇರುವ ಸ್ನೇಕ್ ನದಿಯಲ್ಲಿ ಮೇಲಿನ ಅಣೆಕಟ್ಟಿನ ಹತ್ತಿರ ಸಾಲ್ಮನ್ ಮರಿಗಳನ್ನು ಹಿಡಿದು, ದೋಣಿಗಳಲ್ಲಿ, ಲಾರಿಗಳಲ್ಲಿ ತುಂಬಿ, ಎಂಟು ಅಣೆಕಟ್ಟು ದಾಟಿಸಿ ಕೊಲಂಬಿಯಾದ ಕೆಳಗೆ ಬಿಡುತ್ತಾರೆ. ಲಾರಿಯನ್ನೇ ಹೊಳೆ ಮಾಡಿದ ಹಾಗೆ. ಎಷ್ಟೋ ಮರಿಗಳ ಜೀವವೂ ಉಳಿಯುತ್ತದೆ. ಆದರೆ ಒಂದು ವಿಷಯ ಇದೆ. 1950ರ ದಶಕದಲ್ಲಿ ಆರ್ಥರ್ ಹ್ಯಾಸ್ಲರ್ ಮತ್ತು ವಾರನ್ ವಿಸ್ಬಿ ಅನ್ನುವವರು ಹೊಳೆ ಎರಡಾಗಿ ಕವಲೊಡೆಯುವ ಕಡೆ ಮರಳಿ ಬಂದ ಸಾಲ್ಮನ್‌ಗಳನ್ನು ಹಿಡಿದು, ಕೆಲವುಗಳ ಮೂಗಿಗೆ ಹತ್ತಿ ತುರುಕಿ, ಮತ್ತೆ ಕವಲಿನ ಕೆಳಗೆ ಬಿಟ್ಟರು. ಮೂಗು ತೆರೆದಿದ್ದವು ಬಹುಪಾಲು ತಮ್ಮ ಕವಲನ್ನೇ ಹಿಡಿದವು. ಮೂಗು ಕಟ್ಟಿದವು ಸಿಕ್ಕ ಕಡೆ ಹೋದವು. ಸಾಲ್ಮನ್ ಮರಿ ಸಮುದ್ರಕ್ಕೆ ಇಳಿಯುವಾಗ ದಾರಿಯುದ್ದಕ್ಕೂ ಒಂದೊಂದು ಹೊಳೆಯ ವಾಸನೆಯನ್ನು ನೆನಪಿಟ್ಟುಕೊಳ್ಳುತ್ತಾ ಹೋಗುತ್ತದೆ. ಮರಳುವಾಗ ಅದನ್ನೇ ಹಿಂದುಮುಂದಾಗಿ ಓದಿಕೊಂಡು ಬರುತ್ತದೆ.

ದೋಣಿಯಲ್ಲಿ, ಲಾರಿಯಲ್ಲಿ ಇಳಿದ ಮರಿಗಳು ದೊಡ್ಡವಾಗಿ ವಾಪಸ್ಸು ಬರುವಾಗ, ಈಜಿಕೊಂಡೇ ಇಳಿದವುಗಳಿಗಿಂತ ಜಾಸ್ತಿ ದಾರಿ ತಪ್ಪುತ್ತವೆ.